ಮುಯ್ಯಿ ಪುಸ್ತಕ ನಡೀತೈತೇನು?

ನಮ್ಮ ಕಡೆ ಮನೆಯ ಮುಖ್ಯ ಕಾಗದಗಳೆಲ್ಲ ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿ ಇರುತ್ತವೆ. ಹೊಲದ ಪಹಣಿ, ಎಲ್‌ಐಸಿ ಬಾಂಡು, ಮಕ್ಕಳ ಟಿ.ಸಿ., ಇದ್ದವರ ಜಾತಕ, ಸತ್ತವರ ಮರಣ ಪ್ರಮಾಣಪತ್ರ, ಎಲ್ಲವೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ನುಸಿಗುಳಿಗೆಯ ವಾಸನೆ ಹಿಡಿದುಕೊಂಡು ಮಲಗಿರುತ್ತವೆ. ಚೀಲದ ಮೇಲೆ ಎಂದೋ ಮುಚ್ಚಿಹೋದ ಬಟ್ಟೆ ಅಂಗಡಿಯ ಹೆಸರು. ಸರ್ಕಾರ ಏನಾದರೂ ಕೇಳಿದಾಗ ಮಾತ್ರ ಈ ಚೀಲ ಹೊರಗೆ ಬರುತ್ತದೆ. ಬಂದಾಗ ಕೇಳಿದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅದರಲ್ಲಿ ಸಿಗುತ್ತದೆ.

ಬಳ್ಳಾರಿ ಗಾಂಧಿನಗರದ ಅಕ್ಕನ ಮನೆಯಲ್ಲಿ ಈಚೆಗೆ ಈ ಚೀಲ ಬೀರು ಬಿಟ್ಟು ಮಂಚದ ಮೇಲೇ ವಾಸ ಹೂಡಿತ್ತು. ಅಕ್ಕನ ಮಗಳು ಇರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಗಂಡ ನಮ್ಮವನೇ, ಹೊಸಪೇಟೆ ಹುಡುಗ. ಅವನು ಅಲ್ಲಿಯ ಪೌರನಾಗಿ ಕೆಲವು ವರ್ಷ ಆಗಿದೆ. ಗ್ರೀನ್ ಕಾರ್ಡಿನಲ್ಲೇ ಕಾಲ ಹಾಕುತ್ತಿದ್ದ ಇವಳು ಈಗ ತಾನೂ ಪೌರತ್ವಕ್ಕೆ ಅರ್ಜಿ ಹಾಕಲು ಹೊರಟಿದ್ದಳು. ಸಾಮಾನ್ಯವಾಗಿ ಗ್ರೀನ್ ಕಾರ್ಡ್ ಸಿಕ್ಕು ಐದು ವರ್ಷ ಆಗಿರಬೇಕು. ಅಮೆರಿಕದ ಪೌರನನ್ನು ಮದುವೆಯಾಗಿ ಅವನ ಜೊತೆಯಲ್ಲೇ ಬಾಳುತ್ತಿದ್ದರೆ ಮೂರು ವರ್ಷ ಸಾಕು. ಎರಡು ವರ್ಷದ ರಿಯಾಯಿತಿ. ಆದರೆ ರಿಯಾಯಿತಿ ಬೇಕೆನ್ನುವವರು ತಾವು ಸಂಸಾರ ಮಾಡುತ್ತಿದ್ದೇವೆ ಎಂಬುದನ್ನು ಕಾಗದದಲ್ಲಿ ತೋರಿಸಬೇಕು. ದುಡ್ಡು ಕೊಟ್ಟು ಕಾಗದದ ಮೇಲಷ್ಟೇ ಮದುವೆಯಾಗುವವರು ಅಲ್ಲಿ ಇದ್ದಾರಂತೆ. ಅಂಥವರನ್ನು ಹಿಡಿಯಲು ಕಾಗದವನ್ನೇ ಕೇಳುತ್ತಾರೆ.

"ಎರಡು ಮಕ್ಕಳಾಗ್ಯಾವ, ಇನ್ನೇನು ತೋರಸಬೇಕಂತ?" ಎಂದಳು ಅಕ್ಕ.

"ಮಕ್ಕಳ ಬರ್ತ್ ಸರ್ಟಿಫಿಕೇಟೂ ಕೇಳ್ಯಾರಕ್ಕ," ಎಂದೆ.

ಪಟ್ಟಿ ಬಂದದ್ದು ವಾಟ್ಸ್ಆ್ಯಪ್‌ನಲ್ಲಿ. ಗಂಡನ ಪೌರತ್ವದ ದಾಖಲೆ, ಮದುವೆಯ ಪ್ರಮಾಣಪತ್ರ, ಮೂರು ವರ್ಷದ ತೆರಿಗೆ ಲೆಕ್ಕ, ಇಬ್ಬರ ಹೆಸರೂ ಇರುವ ಬ್ಯಾಂಕ್ ಖಾತೆ, ಇಬ್ಬರ ಹೆಸರೂ ಇರುವ ಬಾಡಿಗೆ ಕರಾರು ಇಲ್ಲವೇ ಮನೆ ಸಾಲದ ಪತ್ರ, ಇನ್ಷೂರೆನ್ಸ್, ಕರೆಂಟ್ ಬಿಲ್. ಬಹುಪಾಲು ಅಲ್ಲೇ ಸಿಗುವಂಥವು. ನಮ್ಮ ಪಾಲಿಗೆ ಬಂದದ್ದು ಮದುವೆಯ ಪ್ರಮಾಣಪತ್ರ ಮತ್ತು 'ಮದುವಿದು ಇನ್ನೇನಾರ ಇದ್ರ ಅದೂ ಕಳಸ್ರಿ' ಎಂಬ ಕೊನೆಯ ಸಾಲು. ಆ ಕೊನೆಯ ಸಾಲೇ ನಮ್ಮನ್ನು ಕೆಡಿಸಿತು. ಅಕ್ಕ ಆ 'ಇನ್ನೇನಾರ'ವನ್ನು ಹಿಡಿದು ಬೀರುವಿನ ಮೇಲಿನ ಅಟ್ಟಕ್ಕೇ ಕೈ ಹಾಕಿದಳು. ಎರಡು ಆಲ್ಬಮ್ ಬಂದವು. ಯಾವ ಯಂತ್ರದಲ್ಲೂ ಈಗ ಓಡದ ಮೂರು ಸಿ.ಡಿ. ಬಂದವು. ಲಗ್ನಪತ್ರಿಕೆ ಒಂದು ಕಟ್ಟು ಬಂತು, ಹಂಚಿ ಮಿಕ್ಕಿದ್ದು. ಕಡೆಗೆ ಕೆಂಪು ರಟ್ಟಿನ ಉದ್ದ ನೋಟ್‌ಬುಕ್ ಬಂತು. ಮುಯ್ಯಿ ಪುಸ್ತಕ.

ಆಲ್ಬಮ್ಮನ್ನು ನಾನೇ ತೆಗೆದು ನೋಡಿದೆ, ಫೋಟೊ ಕೂಡ ಸಾಕ್ಷಿಯಾಗುತ್ತದೆ ಎಂದು ಸೊಸೆ ಹೇಳಿದ್ದಳಲ್ಲ ಎಂದು. (ಅಕ್ಕನ ಮಗಳು ನನಗೆ ಸೊಸೆಯೇ, ನಮ್ಮ ಕಡೆ ಸಂಬಂಧದ ಲೆಕ್ಕ ಹಾಗೆ.) ನಮ್ಮ ಮದುವೆ ಆಲ್ಬಮ್ಮುಗಳಲ್ಲಿ ಒಂದು ತೊಡಕಿದೆ. ಗಂಡ ಹೆಂಡತಿ ಇಬ್ಬರೂ ಎಲ್ಲ ಪುಟಗಳಲ್ಲೂ ಇರುತ್ತಾರೆ, ಆದರೆ ಒಬ್ಬರನ್ನೊಬ್ಬರು ನೋಡುವುದೇ ಇಲ್ಲ. ತಾಳಿ ಕಟ್ಟುವಾಗಲೂ ಅಳಿಯ ಫೋಟೊಗ್ರಾಫರನ ಮುಖ ನೋಡುತ್ತಾನೆ. ಅವನು 'ಇನ್ನೊಮ್ಮೆ ಕಟ್ಟ್ರಿ' ಎಂದರೆ ಇನ್ನೊಮ್ಮೆ ಕಟ್ಟುವವನಂತೆ ಸಿದ್ಧನಾಗಿ ನಿಂತಿದ್ದಾನೆ. ಅಕ್ಕಿಕಾಳು ಬೀಳುವ ಹೊತ್ತಿನ ಚಿತ್ರದಲ್ಲಿ ವಿಡಿಯೊದವನ ಬೆನ್ನು ಮದುಮಗಳನ್ನು ಪೂರ್ತಿ ಮುಚ್ಚಿದೆ. ಅಮೆರಿಕದ ಅಧಿಕಾರಿ ಇದನ್ನು ನೋಡಿದರೆ ಈ ಹುಡುಗ ಆ ಬೆನ್ನನ್ನೇ ಮದುವೆಯಾಗಿದ್ದಾನೆ ಎಂದುಕೊಂಡಾನು. ಕೊನೆಯ ಪುಟದಲ್ಲಿ ಇಬ್ಬರನ್ನೂ ಕತ್ತರಿಸಿ ತೆಗೆದು ಸ್ವಿಟ್ಜರ್ಲೆಂಡಿನ ಹಿಮದ ಮೇಲೆ ಅಂಟಿಸಿದ್ದಾರೆ. ಬಳ್ಳಾರಿಯ ಮೇ ತಿಂಗಳಲ್ಲಿ ಮದುವೆಯಾದವರು, ಬೆವರು ಇನ್ನೂ ಹಣೆಯ ಮೇಲಿದೆ, ಹಿಂದೆ ಹಿಮ. ಸುಳ್ಳು ದಾಖಲೆ ಎಂದು ಹಿಡಿಯುವುದಿದ್ದರೆ ಮೊದಲು ಹಿಡಿಯಬೇಕಾದದ್ದು ಇದನ್ನೇ.

ಮುಯ್ಯಿ ಪುಸ್ತಕ ಹಾಗಲ್ಲ. ಅದರಲ್ಲಿ ಸುಳ್ಳಿಗೆ ಜಾಗವೇ ಇಲ್ಲ. ಮೊದಲ ಪುಟದ ನಾಲ್ಕೂ ಮೂಲೆಗೆ ಅರಿಶಿನ, ನಡುವೆ 'ಶ್ರೀ', ಅದರ ಕೆಳಗೆ ತಾರೀಕು, ಕಲ್ಯಾಣ ಮಂಟಪದ ಹೆಸರು. ಅಲ್ಲಿಂದ ಮುಂದೆ ಮುಯ್ಯಿ ಓದಿಸಿದವರ ಸಾಲು. ಕೌಲ್ ಬಜಾರಿನ ಬಟ್ಟೆ ಅಂಗಡಿಯವರು, 501. ಸತ್ಯನಾರಾಯಣಪೇಟೆ ಡಾಕ್ಟರು, ಗೋಡೆ ಗಡಿಯಾರ. ಮೋಕಾ ಕಡೆ ಬೀಗರು, 1116 ಮತ್ತು ಖಣ. ಭಾವನ ಆಫೀಸಿನವರು ಎಲ್ಲ ಸೇರಿ, ಮಿಕ್ಸಿ. ಎಂಟನೇ ಪುಟದ ನಡುವೆ ನೀಲಿ ಇಂಕು ಹೋಗಿ ಕರಿ ಇಂಕು ಬರುತ್ತದೆ, ಕೈಬರಹವೂ ಬದಲಾಗುತ್ತದೆ. ಬರೆಯುತ್ತಿದ್ದ ನಮ್ಮ ದೊಡ್ಡಪ್ಪನ ಮಗ ಊಟಕ್ಕೆ ಎದ್ದದ್ದು ಆಗ. ಒಂದು ಸಾಲಿನ ಮುಂದೆ ಬರೀ ಕವರ್ ಎಂದಿದೆ, ಪಕ್ಕದಲ್ಲಿ ಬೇರೆ ಪೆನ್ನಿನಲ್ಲಿ 'ಖಾಲಿ' ಎಂದು. ಹೆಸರು ನಾನು ಓದಿದೆ, ಹೇಳುವುದಿಲ್ಲ. ಇಂಥ ನಿಷ್ಠುರ ದಾಖಲೆಯನ್ನು ಯಾವ ಸರ್ಕಾರವೂ ಇಟ್ಟಿರಲಿಕ್ಕಿಲ್ಲ. ಒಂದೊಂದು ಸಾಲಿಗೂ ಪ್ರತಿಯಾಗಿ ಅಕ್ಕ ಭಾವ ಆಮೇಲೆ ಒಂದೊಂದು ಮದುವೆಗೆ ಹೋಗಿ ಅಷ್ಟೇ ಮುಯ್ಯಿ ತೀರಿಸಿದ್ದಾರೆ, ತೀರಿಸಿದ್ದಕ್ಕೆ ಪಕ್ಕದಲ್ಲಿ ರೈಟು ಹಾಕಿದ್ದಾರೆ. ಆಗದೇ ಇದ್ದ ಮದುವೆಗೆ ಇಷ್ಟು ಊರಿನ ಜನ ದುಡ್ಡು ಕಟ್ಟಿ, ವಸೂಲು ಕೂಡ ಮಾಡಿಕೊಂಡಾರೆಯೇ?

"ಇದನ್ನ ಕಳಸೋಣು. ಮುಯ್ಯಿ ಪುಸ್ತಕ ನಡೀತೈತೇನು ಕೇಳು," ಎಂದಳು ಅಕ್ಕ.

ಕೇಳಿದೆ. ಸೊಸೆ ನಗುವ ಗೊಂಬೆಗಳನ್ನು ಕಳಿಸಿದಳು. ಆಮೇಲೆ, "ಮಾಮ, ಅವರಿಗೆ ಮದುವಿ ದಿನದ್ದು ಅಷ್ಟು ಬ್ಯಾಡ. ಮದುವಿ ಆದಮ್ಯಾಲಿಂದು ಬೇಕು. ಲೈಟ್ ಬಿಲ್ಲು, ಬ್ಯಾಂಕಿಂದು, ಇಂಥಾವು," ಎಂದು ಬರೆದಳು.

"ಲೈಟ್ ಬಿಲ್ಲಿನಾಗ ಏನೈತಿ ಸಂಸಾರ?" ಎಂಬುದು ಅಕ್ಕನ ಪ್ರಶ್ನೆ. ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ತಲೆ ಹಣ್ಣಾದವನು ನಾನು. ಯೋಚಿಸುತ್ತಾ ಹೋದಂತೆ ಆ ಅಧಿಕಾರಿಯ ಕಡೆಗೇ ವಾಲಿದೆ. ಮದುವೆಯ ದಿನ ಯಾರು ಬೇಕಾದರೂ ನಗುತ್ತಾರೆ. ಎರಡು ತಾಸು ಪೇಟ ಸುತ್ತಿಕೊಂಡು ಕೂರುವುದಕ್ಕೆ ಪ್ರೀತಿ ಬೇಕಿಲ್ಲ, ಬೆನ್ನು ಗಟ್ಟಿ ಇದ್ದರೆ ಸಾಕು. ತಿಂಗಳು ತಿಂಗಳು ಬಾಡಿಗೆ ಕಟ್ಟುವುದು, ನೀರಿನ ಬಿಲ್ಲಿಗೆ ಯಾರು ನೆನಪು ಮಾಡಬೇಕೆಂದು ಜಗಳ ಆಡುವುದು, ಇನ್ಷೂರೆನ್ಸ್ ಅರ್ಜಿಯ ನಾಮಿನಿ ಕಾಲಮ್ಮಿನಲ್ಲಿ ಬೇರೇನೂ ಹೊಳೆಯದೆ ಅವಳ ಹೆಸರನ್ನೇ ಬರೆಯುವುದು, ಇದನ್ನು ನಟಿಸುವುದು ಕಷ್ಟ. ಅಮೆರಿಕ ಕೇಳುತ್ತಿರುವುದು ದಾಂಪತ್ಯದ ಬೇಸರದ ಭಾಗವನ್ನು. ಬಂಧುಬಳಗದ ಕಣ್ಣಿಗೆ ಬೀಳದ ಭಾಗ ಅದು, ಕೌಂಟರಿನವರಿಗೆ ಮಾತ್ರ ಗೊತ್ತಿರುವುದು. ನಮ್ಮ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯುವಾಗ 'ಐದರ್ ಆರ್ ಸರ್ವೈವರ್' ಎಂದು ಬರೆಸುತ್ತಿದ್ದೆವು. ಇಬ್ಬರಲ್ಲಿ ಯಾರಾದರೂ ಸರಿ, ಇಲ್ಲವೇ ಉಳಿದವರು. ಹೊಸದಾಗಿ ಮದುವೆಯಾದವರು ಅರಿಶಿನದ ಕೈಯಲ್ಲೇ ಬಂದು, ಓದದೆ, ನಗುತ್ತಾ ಸಹಿ ಹಾಕುತ್ತಿದ್ದರು. ಮಂಟಪದಲ್ಲಿ ಹೇಳಿದ ಮಂತ್ರಗಳಲ್ಲಿ ಇಷ್ಟು ನೇರವಾಗಿ ಯಾರೂ ಅವರಿಗೆ ಹೇಳಿರುವುದಿಲ್ಲ.

ಈ ಕಣ್ಣಿನಿಂದ ನಮ್ಮ ಮನೆಯನ್ನೇ ನೋಡಿಕೊಂಡರೆ ಎದೆ ಧಸಕ್ ಎನ್ನುತ್ತದೆ. ನಾನೂ ನನ್ನ ಹೆಂಡತಿಯೂ ಜೊತೆಗೇ ಬಾಳುತ್ತಿದ್ದೇವೆ ಎನ್ನಲು ನಮ್ಮಲ್ಲಿ ಏನಿದೆ? ಕರೆಂಟ್ ಬಿಲ್ ಇಂದಿಗೂ ನಮ್ಮ ಅಜ್ಜನ ಹೆಸರಿಗೆ ಬರುತ್ತದೆ. ಅವನು ತೀರಿಕೊಂಡು ನಲವತ್ತು ವರ್ಷದ ಮೇಲಾಯಿತು, ಬದಲಾಯಿಸಲು ನಾವು ಯಾರೂ ಹೋಗಿಲ್ಲ. ಬಿಲ್ಲು ನೋಡಿದವರು ಈ ಮನೆಯಲ್ಲಿ ಅಜ್ಜನೊಬ್ಬನೇ ಇದ್ದಾನೆ, ರಾತ್ರಿಯೆಲ್ಲ ಫ್ಯಾನು ಹಾಕಿಕೊಂಡು ಮಲಗುತ್ತಾನೆ ಎನ್ನಬೇಕು. 2023ರಲ್ಲಿ ಗೃಹಜ್ಯೋತಿ ಬಂದ ಮೇಲಂತೂ ಎಷ್ಟೋ ಮನೆಗಳ ಬಿಲ್ಲಿನಲ್ಲಿ ಕಟ್ಟಬೇಕಾದ ಮೊತ್ತ ಸೊನ್ನೆ. ಸೊನ್ನೆಯ ಬಿಲ್ಲು ಯಾವ ಸಂಸಾರಕ್ಕೆ ಸಾಕ್ಷಿಯಾದೀತು? ಗ್ಯಾಸು ಅವಳ ಹೆಸರಿಗೆ, ಮನೆ ಅಪ್ಪನ ಹೆಸರಿಗೆ, ಪಿಂಚಣಿ ನನ್ನ ಹೆಸರಿಗೆ. ಇಬ್ಬರೂ ಒಂದೇ ಹಾಳೆಯ ಮೇಲೆ ಇರುವುದು ರೇಷನ್ ಕಾರ್ಡಿನಲ್ಲಿ ಮಾತ್ರ. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಅದರಲ್ಲಿ ಮನೆಯ ಹಿರಿಯ ಹೆಂಗಸೇ ಕುಟುಂಬದ ಮುಖ್ಯಸ್ಥೆ, ನಾನು ಅವಳ ಕೆಳಗಿನ ಸಾಲು. ಗೃಹಲಕ್ಷ್ಮಿಯ ಎರಡು ಸಾವಿರ ಶುರುವಾಗುವವರೆಗೆ ಈ ಸಂಗತಿಯನ್ನು ನಮ್ಮ ಓಣಿಯ ಗಂಡಸರು ಯಾರೂ ಗಮನಿಸಿರಲಿಲ್ಲ.

ಮದುವೆಗೆ ಕಾಗದವಿಲ್ಲದೆ ಪೇಚಿಗೆ ಬಿದ್ದವರು ಸಾಮಾನ್ಯರಷ್ಟೇ ಎಂದುಕೊಳ್ಳಬೇಡಿ. ನಮ್ಮ ಗಾಂಧಿನಗರ ಬಡಾವಣೆಗೆ ಯಾರ ಹೆಸರಿದೆಯೋ ಅವರ ಬೀರುವಿನಲ್ಲೂ ಈ ಚೀಲ ಇರಲಿಲ್ಲ. ಗಾಂಧೀಜಿ, ಕಸ್ತೂರಬಾ ಮದುವೆ ಪೋರಬಂದರಿನಲ್ಲಿ ಬಾಲ್ಯದಲ್ಲೇ ಆದದ್ದು. ನೋಂದಣಿಯ ಮಾತೆಲ್ಲಿ ಬಂತು? 1913ರ ಮಾರ್ಚಿನಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯದ ನ್ಯಾಯಮೂರ್ತಿ ಸರ್ಲ್ ಒಂದು ತೀರ್ಪು ಕೊಟ್ಟರು. ಬಾಯಿ ಮರಿಯಂ ಎಂಬಾಕೆ ಭಾರತದಿಂದ ಗಂಡನ ಬಳಿಗೆ ಬಂದಿದ್ದಳು, ಮದುವೆ ಇಸ್ಲಾಂ ವಿಧಿಯಂತೆ ಆಗಿತ್ತು. ಅವಳನ್ನು ಹೆಂಡತಿ ಎಂದು ಒಪ್ಪಲು ಬರುವುದಿಲ್ಲ ಎಂದರು. ಗಾಂಧೀಜಿ ಅದನ್ನು ಓದಿಕೊಂಡ ರೀತಿಯಲ್ಲಿ, ಕ್ರೈಸ್ತ ವಿಧಿಯಿಂದ ಆಗದ, ನೋಂದಣಿಯಾಗದ ಭಾರತೀಯರ ಮದುವೆಗಳೆಲ್ಲ ಆ ದೇಶದ ಕಾನೂನಿನ ಮುಂದೆ ಮದುವೆಯೇ ಅಲ್ಲ. ನಾಲ್ಕು ಗಂಡುಮಕ್ಕಳ ತಾಯಿ, ಮೂವತ್ತು ವರ್ಷ ಆ ಮನುಷ್ಯನ ಹಟಗಳನ್ನೆಲ್ಲ ಸಹಿಸಿಕೊಂಡು ಬಂದಾಕೆ, ಒಂದು ದಿನ ಬೆಳಗಾಗುವುದರೊಳಗೆ ಹೆಂಡತಿಯಲ್ಲದವಳಾದಳು. ಕಸ್ತೂರಬಾ ಅಫಿಡವಿಟ್ ಮಾಡಿಸಲು ಓಡಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪರವಾನಗಿ ಇಲ್ಲದೆ ಟ್ರಾನ್ಸ್‌ವಾಲಿನ ಗಡಿ ದಾಟಿ, ಬಂಧನವಾಗಿ, ಮೂರು ತಿಂಗಳ ಕಠಿಣ ಸಜೆ ಅನುಭವಿಸಿದರು. 1914ರಲ್ಲಿ ಕಾನೂನು ತಿದ್ದಿ ಈ ಮದುವೆಗಳನ್ನು ಒಪ್ಪಿಕೊಂಡರು. ಮದುವೆ ಸಾಬೀತು ಮಾಡಲು ಜೈಲಿಗೆ ಹೋದ ಹೆಂಡತಿಯ ಗಂಡನ ಹೆಸರು ನಮ್ಮ ಬಡಾವಣೆಗೆ ಇದೆ. ಆಕೆಯ ಹೆಸರು ಇಟ್ಟಿದ್ದರೆ ಇನ್ನೂ ಸರಿಯಾಗುತ್ತಿತ್ತೇನೋ.

ಅಮೆರಿಕದ ಕಥೆ ಇನ್ನೂ ವಿಚಿತ್ರ. ಈಗ ಪೌರನನ್ನು ಮದುವೆಯಾದರೆ ಎರಡು ವರ್ಷ ರಿಯಾಯಿತಿ ಕೊಡುವ ಆ ದೇಶ, 1907ರ ಕಾನೂನಿನಲ್ಲಿ ಪರದೇಶದವನನ್ನು ಕಟ್ಟಿಕೊಂಡ ತನ್ನ ಹೆಣ್ಣುಮಕ್ಕಳ ಪೌರತ್ವವನ್ನೇ ಕಿತ್ತುಕೊಳ್ಳುತ್ತಿತ್ತು. 1922ರಲ್ಲಿ ಅದನ್ನು ಸಡಿಲಿಸಿದರೂ, ಪೌರನಾಗುವ ಅರ್ಹತೆಯೇ ಇಲ್ಲದವನನ್ನು ಮದುವೆಯಾದವಳಿಗೆ ಆ ಸಡಿಲಿಕೆ ಇರಲಿಲ್ಲ. ಮರುವರ್ಷ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಭಾರತೀಯರಿಗೆ ಆ ಅರ್ಹತೆ ಇಲ್ಲ ಎಂದುಬಿಟ್ಟಿತು. ಅಂದರೆ 1931ರವರೆಗೆ ನಮ್ಮ ಕಡೆಯ ಹುಡುಗನೊಬ್ಬನನ್ನು ಮೆಚ್ಚಿ ಮದುವೆಯಾದ ಅಮೆರಿಕದ ಹುಡುಗಿ ತನ್ನ ಊರಿನಲ್ಲೇ ಪರದೇಶಿ. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ.

ಹಾಗೆ ನೋಡಿದರೆ ಹೆಂಡತಿಯ ಪೌರತ್ವ ಎಂಬ ವಿಷಯದಲ್ಲಿ ಬಳ್ಳಾರಿಯವರಷ್ಟು ಪಳಗಿದವರು ದೇಶದಲ್ಲಿ ಇಲ್ಲ. 1999ರ ಸೆಪ್ಟೆಂಬರಿನಲ್ಲಿ ನಮ್ಮೂರಿನ ಚಹಾ ಅಂಗಡಿಗಳಲ್ಲಿ ಇದೇ ಚರ್ಚೆ. ಲೋಕಸಭೆಗೆ ಒಂದು ಕಡೆ ಸೋನಿಯಾ ಗಾಂಧಿ, ಇನ್ನೊಂದು ಕಡೆ ಸುಷ್ಮಾ ಸ್ವರಾಜ್. 'ದೇಶದ ಮಗಳು, ಪರದೇಶದ ಸೊಸೆ' ಎಂದು ಪ್ರಚಾರವೆದ್ದಾಗ, ಒಗ್ಗರಣಿ ಮಿರ್ಚಿ ತಟ್ಟೆ ಹಿಡಿದವರೆಲ್ಲ ಪೌರತ್ವದ ಪಂಡಿತರಾದರು. ಸೋನಿಯಾ ಮದುವೆಯಾದದ್ದು 1968ರಲ್ಲಿ, ಭಾರತದ ಪೌರರಾಗಿ ನೋಂದಣಿಯಾದದ್ದು 1983ರ ಏಪ್ರಿಲ್ 30ರಂದು. 1955ರ ಪೌರತ್ವ ಕಾಯ್ದೆಯ ಐದನೇ ಕಲಮು ಆಗ ಭಾರತೀಯರನ್ನು ಮದುವೆಯಾದ 'ಹೆಂಗಸರಿಗೆ' ಎಂದೇ ಹೇಳುತ್ತಿತ್ತು. ನಮ್ಮ ಹುಡುಗಿಯನ್ನು ಮದುವೆಯಾದ ಹೊರದೇಶದ ಗಂಡಿಗೆ ಆ ದಾರಿ ಇರಲಿಲ್ಲ. ಮನೆಅಳಿಯನಿಗೆ ನಮ್ಮಲ್ಲಿ ಕಾನೂನಿನಲ್ಲೂ ಮರ್ಯಾದೆ ಕಡಿಮೆ. 1986ರ ತಿದ್ದುಪಡಿಯಲ್ಲಿ 'ಹೆಂಗಸರು' ಹೋಗಿ 'ವ್ಯಕ್ತಿಗಳು' ಆಯಿತು, ಜೊತೆಗೆ ಐದು ವರ್ಷ ಇಲ್ಲಿ ವಾಸವಿರಬೇಕು ಎಂದಾಯಿತು. ಮುಂದೆ ಅದೂ ಏಳು ವರ್ಷಕ್ಕೆ ಏರಿತು. ಏಳು ವರ್ಷ ನಮ್ಮ ಬಿಸಿಲು ತಡೆದವರಿಗೆ ಬೇರೆ ಪರೀಕ್ಷೆ ಏತಕ್ಕೆ ಬೇಕೋ ನನಗೆ ತಿಳಿಯದು. ಆ ಚುನಾವಣೆಯಲ್ಲಿ ಸುಷ್ಮಾ ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿದರು, ಜನ ಬೆರಗಾಗಿ ಚಪ್ಪಾಳೆ ತಟ್ಟಿದರು, ಓಟನ್ನು ಸೊಸೆಗೆ ಹಾಕಿದರು. 56 ಸಾವಿರಕ್ಕೂ ಮಿಕ್ಕ ಅಂತರ. ಗೆದ್ದ ಸೊಸೆ ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟರು. ಸೋತ ಮಗಳು ಮುಂದೆ ಹಲವು ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ತಪ್ಪದೆ ಬರುತ್ತಿದ್ದರು. ಇದರಿಂದ ಏನು ತಿಳಿಯಬೇಕು ಎಂದು ನಮ್ಮೂರಿನವರು ಇನ್ನೂ ತೀರ್ಮಾನಕ್ಕೆ ಬಂದಿಲ್ಲ.

ಇರಲಿ, ಮದುವೆಯ ಪ್ರಮಾಣಪತ್ರದ ಮಾತಿಗೆ ಬರೋಣ. ಅದು ಇತ್ತು. ವೀಸಾಕ್ಕೆ ಬೇಕೆಂದು 2012ರಲ್ಲೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿದ್ದರು. ಆದರೆ ಭಾವ ಅದನ್ನು ಲ್ಯಾಮಿನೇಷನ್ ಮಾಡಿಸಿಬಿಟ್ಟಿದ್ದರು. ಭಾವನಿಗೆ ಲ್ಯಾಮಿನೇಷನ್ ಎಂದರೆ ಒಂದು ಬಗೆಯ ಭಕ್ತಿ. ಅವರ ಮನೆಯಲ್ಲಿ ದೇವರ ಫೋಟೊ, ಪಂಚಾಂಗದ ರಾಹುಕಾಲದ ಪುಟ, ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮಿಕ್ಸಿಯ ವಾರಂಟಿ ಚೀಟಿ ಎಲ್ಲವೂ ಪ್ಲಾಸ್ಟಿಕ್ಕಿನೊಳಗೆ ಅಮರವಾಗಿವೆ. ಪ್ರಮಾಣಪತ್ರ ಮಾತ್ರ ಅಮರವಾಗಲಿಲ್ಲ. ವರ್ಷಗಳು ಕಳೆದಂತೆ ಮೊಹರಿನ ಇಂಕು ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಹರಡಿ, ಅಶೋಕ ಸ್ತಂಭದ ಜಾಗದಲ್ಲಿ ಒಂದು ನೇರಳೆ ಮೋಡ ಉಳಿದಿತ್ತು. ಬಿಚ್ಚಲು ಹೋದರೆ ಕಾಗದವೇ ಕಿತ್ತು ಬರುತ್ತದೆ. "ಹಾಳಾಗಬಾರದಂತ ಮಾಡ್ಸಿದ್ದಪ್ಪ," ಎಂದು ಭಾವ ತಮ್ಮ ಪರವಾಗಿ ತಾವೇ ಸಾಕ್ಷಿ ನುಡಿದರು.

ಸರಿ, ದೃಢೀಕೃತ ನಕಲು ತೆಗೆಸಿದೆವು. ಅದು ಬಂದಾಗ ಇನ್ನೊಂದು ಗಂಟು. ಹಳೆಯದರಲ್ಲಿ ಊರಿನ ಹೆಸರು ಇಂಗ್ಲಿಷಿನಲ್ಲಿ ಬೆಳ್ಳಾರಿ ಎಂದು ಓದುವ ಹಾಗಿತ್ತು, ಹೊಸ ಮೊಹರಿನಲ್ಲಿ ಬಳ್ಳಾರಿ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಕಾಗುಣಿತವನ್ನು ಸರ್ಕಾರ ಒಟ್ಟಿಗೇ ತಿದ್ದಿತಲ್ಲ, ಅದರ ಫಲ. ಕನ್ನಡದಲ್ಲಿ ನಾವು ಮೊದಲಿನಿಂದಲೂ ಬಳ್ಳಾರಿ ಎಂದೇ ಅನ್ನುತ್ತಿದ್ದುದರಿಂದ ಆ ದಿನ ನಮಗೆ ಏನೂ ಆದಂತೆ ಅನಿಸಿರಲಿಲ್ಲ. ಈಗ ಅನಿಸಿತು. ಸಾಲದೆಂಬಂತೆ ಸೊಸೆಯ ಹೆಸರಿನ ಮುಂದಿನ ಇನಿಷಿಯಲ್ ಕೂಡ ಊರಿನದೇ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ಲನ್ನು ಬಿಡಿಸಿ ಬರೆಯಬೇಕು ಎಂದಿದ್ದರಿಂದ ಹಳೆಯ ಕಾಗುಣಿತದ ಊರೇ ಅವಳ ಅಡ್ಡಹೆಸರಾಗಿ ಕೂತಿದೆ. ಊರು ತನ್ನ ಹೆಸರು ತಿದ್ದಿಕೊಂಡಿತು. ತಿದ್ದದ ಊರೊಂದು ನ್ಯೂಜೆರ್ಸಿಯಲ್ಲಿ ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಿದೆ. ಆ ಊರು, ಈ ಊರು ಎರಡೂ ಒಂದೇ, ಆ ಹೆಸರಿನವಳೂ ಈ ಹೆಸರಿನವಳೂ ಒಬ್ಬಳೇ ಎಂದು ನೋಟರಿ ಮುಂದೆ ಅಫಿಡವಿಟ್ ಆಯಿತು. ಅದನ್ನು ಜೆರಾಕ್ಸ್ ಮಾಡಿದ ಹುಡುಗ ಕೇಳದೆಯೇ ಎರಡು ಸೆಟ್ ಹೆಚ್ಚಿಗೆ ತೆಗೆದ. "ಅಮೆರಿಕದ ಕೆಲಸ ಅಂದಿರಲ್ರೀ. ಬೇಕಾಗ್ತಾವ, ಇಟ್ಕೊಳ್ರಿ." ಬೇಕಾದವು ಕೂಡ. ಈ ಹುಡುಗರಿಗೆ ತಿಳಿದಷ್ಟು ಕಾನೂನು ಎಷ್ಟೋ ವಕೀಲರಿಗೂ ತಿಳಿದಿರುವುದಿಲ್ಲ.

ಇಷ್ಟಾದ ಮೇಲೆ ನನ್ನ ಸರದಿ ಬಂತು. ಮದುವೆಯನ್ನು ಬಲ್ಲವರ ಹೇಳಿಕೆಗಳನ್ನೂ ಕೊಡಬಹುದಂತೆ; ಬಿಲ್ಲುಗಳಷ್ಟು ತೂಕವಿಲ್ಲದಿದ್ದರೂ ಇರಲಿ ಎಂದು ಅಲ್ಲಿಯ ವಕೀಲರು ಹೇಳಿದರಂತೆ. ಸೋದರಮಾವನಾಗಿ ಹುಡುಗಿಯನ್ನು ಕೈಹಿಡಿದು ಮಂಟಪಕ್ಕೆ ಕರೆತಂದವನು ನಾನೇ ಆದ್ದರಿಂದ ನಾನೇ ಬರೆಯಬೇಕು ಎಂದಾಯಿತು. ಹೇಳಿಕೆ ಕೊಡುವವನ ಪೂರ್ಣ ಹೆಸರು, ವಿಳಾಸ, ಹುಟ್ಟಿದ ತಾರೀಕು, ಹುಟ್ಟಿದ ಸ್ಥಳ, ಈ ಮದುವೆಯ ವಿಷಯ ಅವನಿಗೆ ಹೇಗೆ ಗೊತ್ತು ಎಂಬ ವಿವರ, ಇಷ್ಟು ಇರಬೇಕು.

ಹುಟ್ಟಿದ ತಾರೀಕಿನಲ್ಲೇ ನಾನು ಮುಗ್ಗರಿಸಿದೆ. ನಮ್ಮ ವಾರಿಗೆಯವರಲ್ಲಿ ಬಹಳ ಜನ ಜೂನ್ 1ರಂದು ಹುಟ್ಟಿದವರು, ಶಾಲೆಗೆ ಸೇರಿಸಿಕೊಂಡ ಮೇಷ್ಟರ ಕೃಪೆಯಿಂದ. ಹುಟ್ಟಿದ ಸ್ಥಳ ಅದಕ್ಕಿಂತ ಕಷ್ಟ. ನಾನು ಹುಟ್ಟಿದ 1952ರಲ್ಲಿ ಬಳ್ಳಾರಿ ಮದ್ರಾಸ್ ರಾಜ್ಯದಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋದವು, ಬಳ್ಳಾರಿ ಮೈಸೂರಿಗೆ ಸೇರಿತು. ಬಳ್ಳಾರಿ ತಾಲ್ಲೂಕು ಯಾರಿಗೆ ಸೇರಬೇಕು ಎಂದು ಹೇಳಲು ನ್ಯಾಯಮೂರ್ತಿ ಮಿಶ್ರಾ ಅವರನ್ನೇ ಕೂರಿಸಬೇಕಾಯಿತು. 1973ರ ನವೆಂಬರಿನಲ್ಲಿ ಮೈಸೂರು ಕರ್ನಾಟಕವಾಯಿತು. ಮನೆ ಬದಲಿಸದೆ ಮೂರು ರಾಜ್ಯ ಕಂಡ ನನ್ನನ್ನು ಯಾರೂ ಒಂದು ಕಾಗದ ಕೇಳಲಿಲ್ಲ. ತೊಟ್ಟಿಲಲ್ಲಿ ಮದ್ರಾಸಿನವನು, ಅಂಬೆಗಾಲಿಡುವಾಗ ಮೈಸೂರಿನವನು. ಇವೆಲ್ಲವನ್ನೂ ಬರೆಯಲೇ ಎಂದು ಕೇಳಿದರೆ ಸೊಸೆ, "ಮಾಮ, ಬಳ್ಳಾರಿ, ಇಂಡಿಯಾ ಅಂತ ಬರೀರಿ ಸಾಕು," ಎಂದಳು. ಯಾವ ಕಾಗುಣಿತ ಎಂದು ನಾನು ಕೇಳಲಿಲ್ಲ.

ಹೇಗೆ ಗೊತ್ತು ಎಂಬುದಕ್ಕೆ ಮೊದಲು ಮದುವೆಯ ವರ್ಣನೆ ಬರೆದೆ. ತುಂಬ ಚೆನ್ನಾಗಿ ಬಂದಿತ್ತು. ಅದು ಬೇಡವೆಂದು ವಾಪಸು ಬಂತು. ಆಮೇಲೆ ನಿಜವಾಗಿ ನನಗೆ ಏನು ಗೊತ್ತು ಎಂದು ಕೂತು ಯೋಚಿಸಿದೆ. ವಿಡಿಯೊ ಕಾಲಿನಲ್ಲಿ ಸೊಸೆ ಮಾತಾಡುತ್ತಿರುವಾಗ ಹಿಂದೆ ಅಳಿಯ ಪಾತ್ರೆ ಜೋಡಿಸುವ ಸದ್ದು ಕೇಳುತ್ತದೆ. ಅವಳು ಮಾತಿನ ನಡುವೆಯೇ ತಿರುಗಿ, ಆ ಡಬ್ಬಿ ಅಲ್ಲಲ್ಲ ಎನ್ನುತ್ತಾಳೆ. ಅವನು ಅಲ್ಲೇ ಇಡುತ್ತಾನೆ. ಮುಂದಿನ ವಾರ ಅದೇ ಡಬ್ಬಿ, ಅದೇ ಮಾತು. ಅವನಿಗೆ ಜ್ವರ ಬಂದಾಗ ನಮಗೆ ಗೊತ್ತಾಗುವುದು ಇವಳ ಸಿಡುಕಿನಿಂದ. ಇಷ್ಟನ್ನೇ ಅಚ್ಚುಕಟ್ಟಾಗಿ ಬರೆದು ಕಳಿಸಿದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಖಾತೆ ಚಾಲ್ತಿಯಲ್ಲಿದೆ. ಈ ಸಲ ವಕೀಲರು ಏನೂ ಹೊಡೆದುಹಾಕಲಿಲ್ಲವಂತೆ.

ಸಂದರ್ಶನದಲ್ಲಿ ಅಧಿಕಾರಿ ಅದನ್ನು ಓದಿದನೋ ಇಲ್ಲವೋ ಗೊತ್ತಿಲ್ಲ. ತೆರಿಗೆ ಲೆಕ್ಕ ನೋಡಿದ, ಮದುವೆಯ ಪ್ರಮಾಣಪತ್ರ ನೋಡಿದ, ಅವರ ದೇಶದ ಚರಿತ್ರೆಯ ಮೇಲೆ ಪ್ರಶ್ನೆ ಕೇಳಿದ, ಮುಗಿಸಿದ. ಆಲ್ಬಮ್ಮನ್ನು ತೆಗೆಯಲೇ ಇಲ್ಲ. ಪ್ರಮಾಣವಚನವಾಯಿತು. ನಮ್ಮಲ್ಲಿ ಎರಡು ದೇಶದ ಪೌರತ್ವ ಇಟ್ಟುಕೊಳ್ಳಲು ಬರುವುದಿಲ್ಲವಾದ್ದರಿಂದ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು ಎಂದು ತಿಳಿದಾಗ ಅಕ್ಕನ ಮುಖ ಸಣ್ಣಗಾಯಿತು. "ಹಂಗಾರ ಆಕಿ ನಮ್ಮಾಕಿ ಅಲ್ಲೇನು ಇನ್ನ?"

"2012ರಾಗ ಮುಯ್ಯಿ ತಗೊಂಡು ಕೊಟ್ಟೀವಲ್ಲ," ಎಂದರು ಭಾವ, ಪೇಪರಿನಿಂದ ಕಣ್ಣೆತ್ತದೆ.

ಚೀಲ ಸೀರೆಗಳ ಕೆಳಗೆ ಹೋಯಿತು ಎಂದುಕೊಂಡೆವು. ಹೋಗಲಿಲ್ಲ. ಪೌರಳಾದ ಮಗಳು ಈಗ ತಂದೆತಾಯಿಯರನ್ನೂ ಅಲ್ಲಿಗೆ ಕರೆಸಿಕೊಳ್ಳಲು ಅರ್ಜಿ ಹಾಕಬಹುದಂತೆ. ಹೊಸ ಪಟ್ಟಿ ಬಂತು. ತಾಯಿಗಾದರೆ ಮಗಳ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರಿದ್ದರೆ ನಡೆಯುತ್ತದೆ. ತಂದೆಗೆ ಅಷ್ಟು ಸಾಲದು, ತಂದೆತಾಯಿಯರ ಮದುವೆಯ ಪ್ರಮಾಣಪತ್ರವೂ ಬೇಕು.

ಅಕ್ಕ ಭಾವನ ಮದುವೆ 1976ರಲ್ಲಿ ಕುರುಗೋಡಿನಲ್ಲಿ ಆದದ್ದು. ದೊಡ್ಡಬಸವೇಶ್ವರನ ಗುಡಿಯ ಹತ್ತಿರ ಚಪ್ಪರ ಹಾಕಿದ್ದರು. ನೋಂದಣಿ ಎಂದರೆ ಹೊಲಕ್ಕೆ, ಮನೆಗೆ ಮಾತ್ರ ಎಂದು ತಿಳಿದಿದ್ದ ಕಾಲ. ಆಗ ಕುರುಗೋಡು ಬಳ್ಳಾರಿ ತಾಲ್ಲೂಕಿನಲ್ಲಿತ್ತು, ಈಗ ಅದೇ ಒಂದು ತಾಲ್ಲೂಕು. "ನಾವು ಎಲ್ಲಿಗೂ ಹೋಗಂಗಿಲ್ಲ," ಎಂದು ಇಬ್ಬರೂ ಖಂಡಿತವಾಗಿ ಹೇಳಿದರು, ಮರುದಿನವೇ ಕಾಗದ ಹುಡುಕಲು ಕೂತರು. ಲಗ್ನಪತ್ರಿಕೆ ಇಲ್ಲ. ಫೋಟೊ ಒಂದೇ, ಅದರಲ್ಲಿ ಭಾವನ ಮುಖ ಬಾಸಿಂಗದ ಹಿಂದಿದೆ; ಅದು ಭಾವನೇ ಎನ್ನಲು ಅಕ್ಕನ ಮಾತೇ ಆಧಾರ. ಅಷ್ಟು ಹಳೆಯ ಮದುವೆಯನ್ನೂ ಈಗ ನೋಂದಣಿ ಮಾಡಿಸಬಹುದು. ಇಬ್ಬರೂ ಜೊತೆಗಿರುವ ಹೊಸ ಫೋಟೊ, ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಮೂವರು ಸಾಕ್ಷಿಗಳು ಬೇಕು. ಅಕ್ಕನ ವಯಸ್ಸಿಗೆ ಅವಳು ಓದಿದ ಸಿರುಗುಪ್ಪದ ಶಾಲೆಯ ರಿಜಿಸ್ಟರೇ ಗತಿ. ಫೋಟೊ ಸ್ಟುಡಿಯೊದಲ್ಲಿ ಆಯಿತು. ಇನ್ನಷ್ಟು ಹತ್ತಿರ ಕೂಡ್ರಿ ಎಂದ ಹುಡುಗನಿಗೆ ಭಾವ, "ಇಷ್ಟು ಸಾಕು ಬಿಡಪ್ಪ, ಲೈಟ್ ಬಿಲ್ಲು ಅದಾವ," ಎಂದರಂತೆ.

ಸಾಕ್ಷಿಗೆ ನಾನು ಒಬ್ಬ. ಇನ್ನೊಬ್ಬಳು ಅಕ್ಕನ ನಾದಿನಿ. ಮೂರನೆಯವರಾಗಿ ಆ ಮದುವೆಯಲ್ಲಿ ಬಡಿಸಿದ್ದ ಕುರುಗೋಡಿನ ಚಿಕ್ಕಪ್ಪ ಸಿಕ್ಕರು. ತೊಂಬತ್ತು ದಾಟಿದ್ದಾರೆ, ಕಿವಿ ಮಂದ. ಫೋನಿನಲ್ಲಿ ಕೂಗಿ ಕೂಗಿ ವಿಷಯ ತಿಳಿಸಿದೆ. ಎಲ್ಲ ಕೇಳಿಸಿಕೊಂಡು ಅವರು ಎರಡೇ ಪ್ರಶ್ನೆ ಕೇಳಿದರು. ಊಟ ಐತೇನು? ಮತ್ತೆ ಮುಯ್ಯಿ ಓದಿಸಬೇಕೇನು?